ನನ್ನ ಸಾವಯವ ಫೋಟೊಡಿಟೆಕ್ಟರ್ ಇಷ್ಟು ನಿಧಾನವೇಕೆ? ಚಾರ್ಜ್ ಸಾಗಣೆ ಮತ್ತು ಸ್ಪಂದನೆಯ ವೇಗದ ಕುರಿತು

ತೆಳುಪದರ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಭೌತಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಸಾವಯವ ಫೋಟೊಡಿಟೆಕ್ಟರ್ (ಇಂಗಾಲ ಆಧಾರಿತ ಅರೆವಾಹಕದಿಂದ ಬೆಳಕನ್ನು ವಿದ್ಯುತ್ತಾಗಿಸುವ ಸಂವೇದಕ) ಒಂದನ್ನು ಮಾಡಿದ್ದೇನೆ. ಐಟಿಒ (ಪಾರದರ್ಶಕ ವಾಹಕ) ಲೇಪಿತ ಗಾಜು, ಅದರ ಮೇಲೆ ವಾಹಕ ಪಾಲಿಮರ್ ಪೆಡಾಟ್‌ನ ತೆಳುಪದರ, ಅದರ ಮೇಲೆ ಪಿ3ಎಚ್‌ಟಿ ಎಂಬ ಪಾಲಿಮರ್ ಮತ್ತು ಪಿಸಿಬಿಎಂ ಎಂಬ ಫುಲ್ಲರೀನ್ ಅಣು ಬೆರೆಸಿ ಸ್ಪಿನ್ ಮಾಡಿದ (ತಿರುಗಿಸಿ ಹರಡಿದ) 200 ನ್ಯಾನೊಮೀಟರ್ ದಪ್ಪದ ಪದರ, ಕೊನೆಯಲ್ಲಿ ಅಲ್ಯೂಮಿನಿಯಂ. ಬೆಳಕು ಬೀಳುವ ಜಾಗ 2 ಮಿ.ಮೀ. ಉದ್ದ, 2 ಮಿ.ಮೀ. ಅಗಲ. ಹಸಿರು ಎಲ್‌ಇಡಿಯನ್ನು ಚೌಕ ತರಂಗದಿಂದ ಹೊತ್ತಿಸಿ ಆರಿಸುತ್ತಾ, ಡಿಟೆಕ್ಟರಿಗೆ 1 ವೋಲ್ಟ್ ರಿವರ್ಸ್ ಬಯಾಸ್ (ಹಿಮ್ಮುಖ ವೋಲ್ಟೇಜ್) ಕೊಟ್ಟು, ಸಿಗ್ನಲನ್ನು ನೇರವಾಗಿ ಆಸಿಲೋಸ್ಕೋಪಿಗೆ ಕೊಟ್ಟಿದ್ದೇನೆ. ಸುಮಾರು 200 ಮಿಲಿವೋಲ್ಟ್ ಸಿಗ್ನಲ್ ಸ್ವಚ್ಛವಾಗಿ ಕಾಣುತ್ತದೆ.

ತೊಂದರೆ ಇರುವುದು ವೇಗದಲ್ಲಿ. ಶೇಕಡಾ 10ರಿಂದ 90ಕ್ಕೆ ಏರಲು 1.6 ಮಿಲಿಸೆಕೆಂಡ್ ಹಿಡಿಯುತ್ತದೆ. ದಪ್ಪದ ವರ್ಗವನ್ನು ಆ ಅವಧಿಯಿಂದಲೂ ವೋಲ್ಟೇಜಿನಿಂದಲೂ ಭಾಗಿಸಿ ಮೊಬಿಲಿಟಿ (ವಿದ್ಯುತ್ ಕ್ಷೇತ್ರದಲ್ಲಿ ಚಾರ್ಜು ಎಷ್ಟು ಸಲೀಸಾಗಿ ಸಾಗುತ್ತದೆ ಎಂಬ ಅಳತೆ) ಲೆಕ್ಕ ಹಾಕಿದರೆ 2.5 × 10⁻⁷ ಚದರ ಸೆಂ.ಮೀ. ಬರುತ್ತದೆ (ಪ್ರತಿ ವೋಲ್ಟ್-ಸೆಕೆಂಡಿಗೆ, ಮುಂದೆಯೂ ಇದೇ ಮಾನ). ಇದೇ ಮಿಶ್ರಣಕ್ಕೆ ಪ್ರಬಂಧಗಳಲ್ಲಿ 10⁻⁴ರ ಆಸುಪಾಸಿನ ಬೆಲೆ ಇದೆ. ಬೇಕಾದದ್ದಕ್ಕಿಂತ ನೂರಾರು ಪಟ್ಟು ಕಡಿಮೆ! ಪದರವನ್ನು 140 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿದ್ದೆ, ಅದು ಸಾಲಲಿಲ್ಲವೇ? ದ್ರಾವಕ ಬದಲಿಸಬೇಕೇ? ಮಾರ್ಗದರ್ಶಕರು ಎಲ್ಲವನ್ನೂ ಹೊಸದಾಗಿ ಮಾಡು ಎನ್ನುತ್ತಿದ್ದಾರೆ. ಅದಕ್ಕೆ ಮೊದಲು ನಿಮ್ಮೆಲ್ಲರ ಅಭಿಪ್ರಾಯ ತಿಳಿಯುವ ಆಸೆ.

ಸರ್ಕ್ಯೂಟ್ ಬೆಂಚು ಬರೆದದ್ದು:

ತೆಳುಪದರ ಅವರೇ, ದಯವಿಟ್ಟು ಸದ್ಯಕ್ಕೆ ಹೊಸ ಪದರ ಮಾಡಲು ಹೋಗಬೇಡಿ. ಒಂದೇ ಒಂದು ಪ್ರಶ್ನೆ. ಆಸಿಲೋಸ್ಕೋಪಿನ ಇನ್‌ಪುಟ್ 1 ಮೆಗಾಓಮ್‌ನಲ್ಲಿ ಇತ್ತೇ? ನಡುವೆ ಬೇರೆ ಯಾವ ರೆಸಿಸ್ಟರೂ ಇರಲಿಲ್ಲವೇ? ಬಿಎನ್‌ಸಿ ಕೇಬಲ್ ಎಷ್ಟು ಉದ್ದದ್ದು?

ತೆಳುಪದರ ಬರೆದದ್ದು:

ಹೌದು ಸರ್, 1 ಮೆಗಾಓಮ್. ಬೇರೆ ರೆಸಿಸ್ಟರ್ ಹಾಕಿಲ್ಲ. ಕೇಬಲ್ ಒಂದು ಮೀಟರ್ ಇರಬಹುದು.

ಸರ್ಕ್ಯೂಟ್ ಬೆಂಚು ಬರೆದದ್ದು:

ಹಾಗಾದರೆ ನೀವು ಅಳೆದದ್ದು ಪದರವನ್ನಲ್ಲ, ಆಸಿಲೋಸ್ಕೋಪಿನ ಇನ್‌ಪುಟ್ ಮೂಲಕ ಒಂದು ಕೆಪಾಸಿಟರ್ ತುಂಬಿಕೊಳ್ಳುವ ವೇಗವನ್ನು. ಲೆಕ್ಕವನ್ನು ಒಟ್ಟಿಗೇ ಹಾಕೋಣ.

ಐಟಿಒ ಒಂದು ತಗಡು, ಅಲ್ಯೂಮಿನಿಯಂ ಇನ್ನೊಂದು ತಗಡು, ನಡುವೆ 200 ನ್ಯಾನೊಮೀಟರ್ ದಪ್ಪದ ಸಾವಯವ ವಸ್ತು. ನಿಮ್ಮ ಡಿಟೆಕ್ಟರ್ ಹುಟ್ಟಿನಿಂದಲೇ ಒಂದು ಸಮಾಂತರ ತಗಡಿನ ಕೆಪಾಸಿಟರ್. ಈ ವಸ್ತುಗಳ ಡೈಎಲೆಕ್ಟ್ರಿಕ್ ಸ್ಥಿರಾಂಕ 3.5 ಎಂದು ಹಿಡಿದರೆ, 4 ಚದರ ಮಿ.ಮೀ. ವಿಸ್ತೀರ್ಣಕ್ಕೆ ಕೆಪಾಸಿಟೆನ್ಸ್ ಸುಮಾರು 620 ಪಿಕೊಫ್ಯಾರಡ್ ಆಗುತ್ತದೆ. ಒಂದು ಮೀಟರ್ ಕೇಬಲ್ಲಿನದು ಸುಮಾರು 100, ಆಸಿಲೋಸ್ಕೋಪಿನ ಇನ್‌ಪುಟ್ಟಿನದು ಸುಮಾರು 15. ಒಟ್ಟು 735 ಪಿಕೊಫ್ಯಾರಡ್. ಇದನ್ನು 1 ಮೆಗಾಓಮ್‌ನಿಂದ ಗುಣಿಸಿದರೆ ಕಾಲಸ್ಥಿರಾಂಕ 735 ಮೈಕ್ರೊಸೆಕೆಂಡ್. ಶೇಕಡಾ 10ರಿಂದ 90ರ ಏರಿಕೆ ಅದರ 2.2 ಪಟ್ಟು, ಅಂದರೆ 1.6 ಮಿಲಿಸೆಕೆಂಡ್. ನಿಮ್ಮ ಅಳತೆಯೇ ಹೊರಬಂತು, ನೋಡಿ. ಪಿ3ಎಚ್‌ಟಿಯ ಬದಲು ಅಲ್ಲಿ ಜಗತ್ತಿನ ಅತ್ಯುತ್ತಮ ಅರೆವಾಹಕವನ್ನು ಇಟ್ಟಿದ್ದರೂ ಅಷ್ಟೇ ಕೆಪಾಸಿಟೆನ್ಸ್ ಇದ್ದಲ್ಲಿ ಅಷ್ಟೇ ಸಮಯ ಬರುತ್ತಿತ್ತು.

ಹೀಗೆ ಮಾಡಿ. ಆಸಿಲೋಸ್ಕೋಪಿಗೆ ಅಡ್ಡಲಾಗಿ 100 ಕಿಲೊಓಮ್, 10 ಕಿಲೊಓಮ್, 1 ಕಿಲೊಓಮ್, ಕೊನೆಗೆ 50 ಓಮ್ ರೆಸಿಸ್ಟರುಗಳನ್ನು ಒಂದೊಂದಾಗಿ ಹಾಕಿ ಏರಿಕೆಯ ಅವಧಿಯನ್ನು ಬರೆದುಕೊಳ್ಳಿ. ರೆಸಿಸ್ಟರನ್ನು ಹತ್ತು ಪಟ್ಟು ಇಳಿಸಿದಾಗ ಅವಧಿಯೂ ಹತ್ತು ಪಟ್ಟು ಇಳಿಯುತ್ತಿರುವವರೆಗೆ ನೀವು ನೋಡುತ್ತಿರುವುದು ಸರ್ಕ್ಯೂಟನ್ನು. ಅವಧಿ ಇಳಿಯುವುದು ಎಲ್ಲಿ ನಿಲ್ಲುತ್ತದೋ ಅಲ್ಲಿ ಪದರ ಮಾತನಾಡಲು ತೊಡಗುತ್ತದೆ. ರೆಸಿಸ್ಟರ್ ಇಳಿದಂತೆ ಸಿಗ್ನಲ್ಲೂ ಕುಗ್ಗುವುದರಿಂದ ಎಲ್‌ಇಡಿಯನ್ನು ಹತ್ತಿರ ತರಬೇಕು, ಆವರೇಜಿಂಗ್ 256ಕ್ಕೆ ಇಡಬೇಕು. 20 ಮೈಕ್ರೊಆಂಪಿಯರ್ ಬಂದರೆ 50 ಓಮ್‌ನಲ್ಲಿ 1 ಮಿಲಿವೋಲ್ಟ್ ಸಿಗುತ್ತದೆ, ಅಷ್ಟು ಸಾಕು.

ಎಲ್‌ಇಡಿಯನ್ನು ಹತ್ತಿರ ತಂದ ಮೇಲೆ ಮತ್ತೆ 1 ಮೆಗಾಓಮ್‌ಗೆ ಹಿಂತಿರುಗಬೇಡಿ. ಆ ರೆಸಿಸ್ಟರಿನಲ್ಲಿ 1 ಮೈಕ್ರೊಆಂಪಿಯರ್ ಹರಿದರೆ ನೀವು ಕೊಟ್ಟ 1 ವೋಲ್ಟ್ ಬಯಾಸ್ ಪೂರ್ತಿ ಅದರ ಮೇಲೆಯೇ ಬಿದ್ದುಹೋಗುತ್ತದೆ, ಡಿಟೆಕ್ಟರಿಗೆ ಉಳಿಯುವುದೇನೂ ಇಲ್ಲ.

ಎಲ್‌ಇಡಿಯ ವೇಗವನ್ನೂ ನಂಬುವ ಮೊದಲು ಪರೀಕ್ಷಿಸಿ. ಬಿಪಿಡಬ್ಲ್ಯು34 ಎಂಬ ಸಿಲಿಕಾನ್ ಪಿನ್ ಫೋಟೊಡಯೋಡ್ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಲ್ಲಿ ಕೇಳಬಹುದಾದ ಸಾಮಾನ್ಯ ವಸ್ತು. ಅದರ ಏರಿಕೆಯ ಅವಧಿ 100 ನ್ಯಾನೊಸೆಕೆಂಡಿನ ಮಟ್ಟದ್ದು. ನಿಮ್ಮ ಡಿಟೆಕ್ಟರಿನ ಜಾಗದಲ್ಲಿ ಅದನ್ನು ಇಟ್ಟು ನೋಡಿದರೆ ಎಲ್‌ಇಡಿ ಮತ್ತು ಅದರ ಡ್ರೈವರ್ ಎಷ್ಟು ಚುರುಕು ಎಂಬುದು ತಿಳಿಯುತ್ತದೆ. ಬಿಳಿ ಎಲ್‌ಇಡಿ ಮಾತ್ರ ಬೇಡ. ಅದರ ಹಳದಿ ಫಾಸ್ಫರ್ ತನ್ನದೇ ಆದ ವಿಳಂಬವನ್ನು ಸೇರಿಸುತ್ತದೆ.

ಸಿಲಿಕಾನ್ ಕಡೆಯವ ಬರೆದದ್ದು:

ಅಳತೆಯ ತಪ್ಪನ್ನು ತಿದ್ದಿಕೊಳ್ಳುವುದು ಸರಿ. ಆದರೂ ಕೇಳುತ್ತೇನೆ, ಅದನ್ನು ತಿದ್ದಿದ ಮೇಲೆ ಉಳಿಯುವುದೇನು? ಸಿಲಿಕಾನಿನಲ್ಲಿ ಎಲೆಕ್ಟ್ರಾನಿನ ಮೊಬಿಲಿಟಿ ಸುಮಾರು 1400. ನೀವು ಹೇಳುವ ಪಾಲಿಮರಿನಲ್ಲಿ 10⁻⁴. ಒಂದು ಕೋಟಿ ಪಟ್ಟಿಗಿಂತಲೂ ಹೆಚ್ಚಿನ ಅಂತರ. ವೇಗ ಬೇಕಾದಲ್ಲಿ ಸಾವಯವ ವಸ್ತುಗಳಿಗೆ ಜಾಗವೇ ಇಲ್ಲ ಎಂಬುದು ನನ್ನ ಪ್ರಾಮಾಣಿಕ ಅನಿಸಿಕೆ.

ಹಳೆಯ ಅಧ್ಯಾಪಕ ಬರೆದದ್ದು:

ಮೊಬಿಲಿಟಿಯನ್ನು ಮಾತ್ರ ಹೋಲಿಸಿದರೆ ಈ ತೀರ್ಮಾನಕ್ಕೆ ಬರುವುದು ಸಹಜ. ಆದರೆ ಚಾರ್ಜ್ ಎಷ್ಟು ದೂರ ನಡೆಯಬೇಕು ಎಂಬುದನ್ನು ಬಿಟ್ಟು ವೇಗದ ಮಾತಾಡಲು ಬರುವುದಿಲ್ಲ. ಸಿಲಿಕಾನ್ ಹಸಿರು-ಕೆಂಪು ಬೆಳಕನ್ನು ಹೀರಲು ಮೈಕ್ರೊಮೀಟರುಗಳ ದಪ್ಪ ಬೇಕಾಗುತ್ತದೆ. ಸಾವಯವ ಪದರಕ್ಕೆ ನೂರಿನ್ನೂರು ನ್ಯಾನೊಮೀಟರ್ ಸಾಕು. ಸಾಗಣೆಯ ಅವಧಿಯು ದಪ್ಪದ ವರ್ಗಕ್ಕೆ ಅನುಗುಣವಾಗಿರುವುದರಿಂದ, ದಪ್ಪವನ್ನು ಹತ್ತು ಪಟ್ಟು ಇಳಿಸಿದರೆ ಅದೇ ವೋಲ್ಟೇಜಿನಲ್ಲಿ ಅವಧಿ ನೂರು ಪಟ್ಟು ಇಳಿಯುತ್ತದೆ.

2000ದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ಯೂಮನ್ಸ್, ಬುಲೋವಿಚ್ ಮತ್ತು ಫಾರೆಸ್ಟ್ ಅವರು ಎರಡು ಸಣ್ಣ ಅಣುಗಳ ಅತಿ ತೆಳುವಾದ ಪದರಗಳನ್ನು ನಿರ್ವಾತದಲ್ಲಿ ಒಂದರ ಮೇಲೊಂದು ಆವಿಯಾಗಿಸಿ ಕೂರಿಸಿ, 430 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ (ಅನುಸರಿಸಬಲ್ಲ ಆವರ್ತನದ ಮಿತಿ) ಇದ್ದ ಡಿಟೆಕ್ಟರನ್ನು ಮಾಡಿದ್ದರು. ಅದರ ಸ್ಪಂದನೆಯ ಅವಧಿ ಒಂದು ನ್ಯಾನೊಸೆಕೆಂಡಿಗಿಂತಲೂ ಕಡಿಮೆ. ಅದರ ಹಿಂದಿದ್ದದ್ದು ಪವಾಡಸದೃಶ ಮೊಬಿಲಿಟಿಯಲ್ಲ. ತೆಳುವಾದ ಪದರ, ಬಲವಾದ ವಿದ್ಯುತ್ ಕ್ಷೇತ್ರ, ಬಹಳ ಚಿಕ್ಕ ವಿಸ್ತೀರ್ಣ ಇವಿಷ್ಟೇ.

ಬೆಳಕು ಬಿದ್ದಾಗ ನಡೆಯುವುದನ್ನು ಅನುಕ್ರಮವಾಗಿ ನೋಡಿದರೆ ತಡ ಎಲ್ಲಾಗುತ್ತದೆ ಎಂಬುದು ತಿಳಿಯುತ್ತದೆ. ಸಿಲಿಕಾನಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 11.7; ಸಾವಯವ ವಸ್ತುಗಳದು 3ರಿಂದ 4. ಹೀಗಾಗಿ ಇಲ್ಲಿ ಬೆಳಕು ಹೀರಿದಾಗ ಹುಟ್ಟುವ ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ, ಧನ ಚಾರ್ಜು) ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಎಕ್ಸೈಟಾನ್ ಎಂಬ ಜೋಡಿಯಾಗಿಯೇ ಉಳಿಯುತ್ತವೆ. ಅದು ಬದುಕಿರುವಷ್ಟರಲ್ಲಿ ಸುಮಾರು 10 ನ್ಯಾನೊಮೀಟರ್ ಅಲೆದಾಡಬಲ್ಲದು. ಅಷ್ಟರೊಳಗೆ ಅದಕ್ಕೆ ದಾತೃ (ಎಲೆಕ್ಟ್ರಾನ್ ಕೊಡುವ) ಮತ್ತು ಗ್ರಾಹಕ (ಅದನ್ನು ಪಡೆಯುವ) ವಸ್ತುಗಳ ಗಡಿ ಸಿಗಬೇಕು. 1986ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟ್ಯಾಂಗ್ ಎರಡು ಪದರಗಳ ಕೋಶದಲ್ಲಿ ಇಂಥ ಗಡಿಯ ಪ್ರಯೋಜನವನ್ನು ತೋರಿಸಿದರು. 1995ರಲ್ಲಿ ಎರಡೂ ವಸ್ತುಗಳನ್ನು ಒಟ್ಟಿಗೆ ಬೆರೆಸಿ ಪದರದ ಉದ್ದಗಲಕ್ಕೂ ಗಡಿಯನ್ನು ಹರಡುವ ವಿಧಾನ ಬಂತು. ತೆಳುಪದರ ಅವರು ಮಾಡಿರುವುದು ಈ ಮಿಶ್ರ ಪದರವನ್ನೇ. ಗಡಿ ಸಿಕ್ಕ ಮೇಲೆ ಎಲೆಕ್ಟ್ರಾನು ಪಾಲಿಮರಿನಿಂದ ಫುಲ್ಲರೀನಿಗೆ ಜಿಗಿಯುವುದು ಅತಿ ಶೀಘ್ರ ಎಂಬುದು 1992ರಿಂದಲೇ ಗೊತ್ತಿರುವ ಸಂಗತಿ. ಇಲ್ಲಿಯವರೆಗಿನ ಕೆಲಸವೆಲ್ಲ ನ್ಯಾನೊಸೆಕೆಂಡಿನೊಳಗೆ ಮುಗಿದಿರುತ್ತದೆ. ಮೈಕ್ರೊಸೆಕೆಂಡುಗಳು ಹೋಗುವುದು ಆನಂತರ, ಬಿಡುಗಡೆಯಾದ ಚಾರ್ಜು ಎಲೆಕ್ಟ್ರೋಡಿನತ್ತ ನಡೆಯುವಾಗ.

ಆ ನಡಿಗೆ ಸಿಲಿಕಾನಿನಲ್ಲಿ ಇರುವಂಥದ್ದಲ್ಲ. ಸ್ಫಟಿಕದಲ್ಲಿ ಚಾರ್ಜು ಅಗಲವಾದ ರಸ್ತೆಯಲ್ಲಿ ಹರಿದುಹೋಗುತ್ತದೆ. ಅಸ್ತವ್ಯಸ್ತವಾದ ಪಾಲಿಮರಿನಲ್ಲಿ ಅದು ಒಂದು ಅಣುವಿನಿಂದ ಪಕ್ಕದ ಅಣುವಿಗೆ ಹಾರಿ ಹಾರಿ ಸಾಗಬೇಕು. ಪ್ರತಿ ಅಣುವಿನ ಶಕ್ತಿಮಟ್ಟವೂ ಸ್ವಲ್ಪ ಬೇರೆ. ಈ ಏರುಪೇರಿನ ಹರವು ಸಾಮಾನ್ಯವಾಗಿ 50ರಿಂದ 150 ಮಿಲಿ-ಎಲೆಕ್ಟ್ರಾನ್‌ವೋಲ್ಟ್. ಕೋಣೆಯ ತಾಪದಲ್ಲಿ ಚಾರ್ಜಿಗೆ ಸಿಗುವ ಉಷ್ಣಶಕ್ತಿ ಕೇವಲ 26. ತಗ್ಗಿಗೆ ಬಿದ್ದ ಚಾರ್ಜು ಮೇಲೇಳಲು ಕಾಯಬೇಕು. ಕೆಲವು ಬೇಗ ದಾಟುತ್ತವೆ, ಕೆಲವು ಬಹಳ ಹಿಂದೆ ಉಳಿಯುತ್ತವೆ. ಆದ್ದರಿಂದ ಸರಾಸರಿ ಮೊಬಿಲಿಟಿ ಎಂಬ ಒಂದು ಸಂಖ್ಯೆ ಪೂರ್ತಿ ಕಥೆಯನ್ನು ಹೇಳುವುದಿಲ್ಲ.

ಈ ತಿಳಿವಳಿಕೆ ಬೆಳೆದದ್ದು ನಕಲು ಯಂತ್ರಗಳ ಜೊತೆಯಲ್ಲಿ ಎಂಬುದನ್ನು ನನ್ನ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳುತ್ತಿದ್ದೆ. 1970ರಲ್ಲಿ ಐಬಿಎಂ ಹೊರತಂದ ನಕಲು ಯಂತ್ರದಲ್ಲಿ ಬೆಳಕಿಗೆ ಸ್ಪಂದಿಸುತ್ತಿದ್ದದ್ದು ಸಾವಯವ ವಸ್ತು. ಅಂಥ ಪದರಗಳಲ್ಲಿ ಅಳೆದ ವಿದ್ಯುತ್ತು ಥಟ್ಟನೆ ನಿಲ್ಲದೆ ಉದ್ದಕ್ಕೆ ಎಳೆದುಕೊಳ್ಳುತ್ತಿದ್ದದ್ದಕ್ಕೆ 1975ರಲ್ಲಿ ಶೇರ್ ಮತ್ತು ಮಾಂಟ್ರೋಲ್ ಗಣಿತದ ವಿವರಣೆ ಕೊಟ್ಟರು. ಇಂದು ನಮ್ಮೂರ ಝೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟರಿನ ಡ್ರಮ್ಮಿನ ಮೇಲಿರುವುದೂ ಸಾಮಾನ್ಯವಾಗಿ ಸಾವಯವ ಪದರವೇ. ಅಲ್ಲಿ ಚಾರ್ಜು ದಾಟಬೇಕಾದ ದಪ್ಪ 20 ಮೈಕ್ರೊಮೀಟರಿನಷ್ಟು, ಅಂದರೆ ತೆಳುಪದರ ಅವರ ಪದರದ ನೂರು ಪಟ್ಟು. ಆದರೂ ಅದು ಪುಟದ ಮೇಲೆ ಪುಟ ಮುದ್ರಿಸುತ್ತದೆ. ಸಿಲಿಕಾನ್ ಮಿತ್ರರು ಇದನ್ನೂ ಪರಿಗಣಿಸಲಿ.

ಸಿಲಿಕಾನ್ ಕಡೆಯವ ಬರೆದದ್ದು:

430 ಮೆಗಾಹರ್ಟ್ಸ್ ಸಂಗತಿ ನನಗೆ ತಿಳಿದಿರಲಿಲ್ಲ, ಸರ್. ‘ಜಾಗವೇ ಇಲ್ಲ’ ಎಂಬ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಪದರವನ್ನು ತೆಳುವಾಗಿಸುತ್ತಾ ಹೋದರೆ ಕೆಪಾಸಿಟೆನ್ಸ್ ಏರುತ್ತದಲ್ಲ? ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಳ್ಳುತ್ತೇವೆ.

ಸರ್ಕ್ಯೂಟ್ ಬೆಂಚು ಬರೆದದ್ದು:

ಅದು ನಿಜ, ವಿನ್ಯಾಸದ ಕಷ್ಟ ಇರುವುದೂ ಅಲ್ಲಿಯೇ. ತೆಳುಪದರ ಅವರ ಸಾಧನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಮೊಬಿಲಿಟಿ 10⁻⁴ ಎಂದುಕೊಳ್ಳಿ. ಬಯಾಸ್ 1 ವೋಲ್ಟ್, ಎಲೆಕ್ಟ್ರೋಡುಗಳ ವ್ಯತ್ಯಾಸದಿಂದ ಸಾಧನದೊಳಗೇ ಇರುವ ವೋಲ್ಟೇಜು ಸುಮಾರು 0.6, ಒಟ್ಟು 1.6 ವೋಲ್ಟ್. 200 ನ್ಯಾನೊಮೀಟರ್ ದಾಟಲು 2.5 ಮೈಕ್ರೊಸೆಕೆಂಡ್ ಬೇಕು. ಸಾಗಣೆಯಿಂದ ಬರುವ ಬ್ಯಾಂಡ್‌ವಿಡ್ತ್ ಅಂದಾಜು 0.56 ಅನ್ನು ಆ ಅವಧಿಯಿಂದ ಭಾಗಿಸಿದಷ್ಟು, ಅಂದರೆ 220 ಕಿಲೊಹರ್ಟ್ಸ್. ಇನ್ನು ಕೆಪಾಸಿಟೆನ್ಸಿನ ಕಡೆಗೆ ಬಂದರೆ, 50 ಓಮ್ ಜೊತೆಗೆ ಐಟಿಒ ಪಟ್ಟಿಯ 60 ಓಮ್ ಸೇರಿಸಿ 110 ಓಮ್ ಆದರೆ 2.3 ಮೆಗಾಹರ್ಟ್ಸ್. ಇಲ್ಲಿ ತಡೆ ಇರುವುದು ಸಾಗಣೆಯಲ್ಲಿ.

ದಪ್ಪವನ್ನು 100 ನ್ಯಾನೊಮೀಟರಿಗೆ ಇಳಿಸಿದರೆ ಸಾಗಣೆಯ ಮಿತಿ ನಾಲ್ಕು ಪಟ್ಟು ಏರಿ 890 ಕಿಲೊಹರ್ಟ್ಸ್ ಆಗುತ್ತದೆ, ಸರ್ಕ್ಯೂಟಿನ ಮಿತಿ ಅರ್ಧಕ್ಕಿಳಿದು 1.2 ಮೆಗಾಹರ್ಟ್ಸ್ ಆಗುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ಒಟ್ಟು ಸುಮಾರು 700 ಕಿಲೊಹರ್ಟ್ಸ್. ಇನ್ನೂ ಇಳಿಸಿ 60ಕ್ಕೆ ಬಂದರೆ ಸರ್ಕ್ಯೂಟೇ ಅಡ್ಡಬರುತ್ತದೆ, ಒಟ್ಟು ಬ್ಯಾಂಡ್‌ವಿಡ್ತ್ ಇಳಿಯಲು ತೊಡಗುತ್ತದೆ. ಹೀಗಾಗಿ 4 ಚದರ ಮಿ.ಮೀ. ಸಾಧನಕ್ಕೆ 100 ನ್ಯಾನೊಮೀಟರಿನ ಆಸುಪಾಸಿನಲ್ಲೇ ಅತಿ ಹೆಚ್ಚಿನ ವೇಗ. ಅದಕ್ಕಿಂತ ಮುಂದೆ ಹೋಗಬೇಕೆಂದರೆ ವಿಸ್ತೀರ್ಣವನ್ನು ಕಡಿಮೆ ಮಾಡಬೇಕು.

ಇದೂ ಬರಿಯ ವೇಗದ ಲೆಕ್ಕ. ಪದರ ತೆಳುವಾದಷ್ಟೂ ಬೆಳಕು ಪೂರ್ತಿ ಹೀರಲ್ಪಡುವುದಿಲ್ಲ, ಸೂಜಿಮೊನೆಯ ರಂಧ್ರಗಳಿಂದ ಶಾರ್ಟ್ ಆಗುವ ಸಾಧನಗಳು ಹೆಚ್ಚುತ್ತವೆ, ಡಾರ್ಕ್ ಕರೆಂಟ್ ಏರುತ್ತದೆ. ಡಿಟೆಕ್ಟರಿನಲ್ಲಿ ಕತ್ತಲೆಯ ವಿದ್ಯುತ್ತು ಕಡಿಮೆ ಇರುವುದೂ ವೇಗದಷ್ಟೇ ಮುಖ್ಯ ಎಂಬ ಕಾರಣಕ್ಕೆ ಹಲವರು ಬೇಕೆಂದೇ ದಪ್ಪ ಪದರವನ್ನು ಆರಿಸುತ್ತಾರೆ.

ತೆಳುಪದರ ಬರೆದದ್ದು:

ಎರಡು ದಿನ ಪ್ರಯೋಗಾಲಯದಲ್ಲೇ ಇದ್ದೆ. ಬಿಪಿಡಬ್ಲ್ಯು34 ಇಟ್ಟು ನೋಡಿದಾಗ ಎಲ್‌ಇಡಿಯ ಏರಿಕೆ 0.1 ಮೈಕ್ರೊಸೆಕೆಂಡಿನಷ್ಟೇ ಬಂತು, ಆದ್ದರಿಂದ ಎಲ್‌ಇಡಿಯ ಮೇಲೆ ಅನುಮಾನವಿಲ್ಲ. ನನ್ನ ಸಾಧನಕ್ಕೆ 100 ಕಿಲೊಓಮ್‌ನಲ್ಲಿ 148 ಮೈಕ್ರೊಸೆಕೆಂಡ್, 10 ಕಿಲೊಓಮ್‌ನಲ್ಲಿ 16.5, 1 ಕಿಲೊಓಮ್‌ನಲ್ಲಿ 2.5, 50 ಓಮ್‌ನಲ್ಲಿ 1.9. ಮೊದಲ ಎರಡು ಅಳತೆಗಳು ಸರ್ಕ್ಯೂಟಿನವು, ಮೂರನೆಯದರಲ್ಲಿ ಪದರದ ಪಾಲೂ ಸೇರಿದೆ, ಕೊನೆಯದಕ್ಕೆ ಬಂದಾಗ ಇಳಿಕೆ ನಿಂತಿತು. ಏರಿಕೆಯ ಅವಧಿಯಿಂದ ಬ್ಯಾಂಡ್‌ವಿಡ್ತ್, ಅದರಿಂದ ಸಾಗಣೆಯ ಅವಧಿ ಹುಡುಕಿ, ಸರ್ ಹೇಳಿದಂತೆ ಒಳಗಿನ ವೋಲ್ಟೇಜನ್ನೂ ಸೇರಿಸಿ ಲೆಕ್ಕ ಹಾಕಿದರೆ ಮೊಬಿಲಿಟಿ 8 × 10⁻⁵ ಬಂತು. ನನ್ನ ಪದರ ಕೆಟ್ಟಿರಲಿಲ್ಲ! ಮಾರ್ಗದರ್ಶಕರಿಗೆ ತೋರಿಸಿದೆ, ಅವರೂ ಸಂತೋಷಪಟ್ಟರು.

ಆದರೆ ಇನ್ನೊಂದು ಕಂಡಿತು. ಬೆಳಕು ಆರಿದ ಮೇಲೆ ಸಿಗ್ನಲ್ ಬೇಗನೆ ಬೀಳುತ್ತದೆ, ಆಮೇಲೆ ನೆಲದ ಹತ್ತಿರ ಬಂದು ತೆವಳುತ್ತದೆ. 10 ಮೈಕ್ರೊಸೆಕೆಂಡ್ ಕಳೆದರೂ ಶೇಕಡಾ 7 ಉಳಿದಿರುತ್ತದೆ, 100 ಮೈಕ್ರೊಸೆಕೆಂಡಿಗೆ ಶೇಕಡಾ 3, ಒಂದು ಮಿಲಿಸೆಕೆಂಡಿಗೂ ಶೇಕಡಾ 1. ಇದು ಬಿಪಿಡಬ್ಲ್ಯು34ರಲ್ಲಿ ಇಲ್ಲ. 50 ಓಮ್‌ನಲ್ಲಿ ಇಷ್ಟು ಸಣ್ಣ ಸಿಗ್ನಲ್ ಗದ್ದಲದಲ್ಲಿ ಮುಳುಗಿಹೋಗುತ್ತಿದ್ದರಿಂದ 10 ಕಿಲೊಓಮ್ ಫೀಡ್‌ಬ್ಯಾಕ್ ಇರುವ ಟ್ರಾನ್ಸ್‌ಇಂಪೀಡೆನ್ಸ್ ಆಂಪ್ಲಿಫೈಯರ್ (ಸಣ್ಣ ವಿದ್ಯುತ್ತನ್ನು ದೊಡ್ಡ ವೋಲ್ಟೇಜಾಗಿಸುವ ಸರ್ಕ್ಯೂಟ್) ಕಟ್ಟಿಕೊಂಡೆ. ಮೊದಲಿಗೆ ಅದು ಓಲಾಡುತ್ತಿತ್ತು. ಫೀಡ್‌ಬ್ಯಾಕಿಗೆ ಅಡ್ಡಲಾಗಿ 56 ಪಿಕೊಫ್ಯಾರಡ್ ಹಾಕಿದ ಮೇಲೆ ಸುಮ್ಮನಾಯಿತು. ಈ ತೆವಳುವ ಭಾಗವನ್ನು ಪ್ರಬಂಧದಲ್ಲಿ ಬರೆಯಬೇಕೇ? ಇಳಿಕೆಯ ಅವಧಿ ಹೇಗೂ ಶೇಕಡಾ 90ರಿಂದ 10ರವರೆಗೆ ತಾನೇ ಲೆಕ್ಕ?

ಹಳೆಯ ಅಧ್ಯಾಪಕ ಬರೆದದ್ದು:

ಖಂಡಿತವಾಗಿ ಬರೆಯಬೇಕು, ಮಗೂ. ನಿನ್ನ ಪ್ರಾಜೆಕ್ಟಿನ ಮುಖ್ಯವಾದ ಸಂಗತಿ ಅದೇ ಆಗಬಹುದು. ಶೇಕಡಾ 90ರಿಂದ 10 ಎಂಬ ರೂಢಿ ಸರಳ ಸರ್ಕ್ಯೂಟುಗಳಿಗಾಗಿ ಬಂದದ್ದು. ಅಲ್ಲಿ ಒಂದೇ ಕಾಲಸ್ಥಿರಾಂಕ ಇರುವುದರಿಂದ ಕೊನೆಯ ಹತ್ತನೇ ಒಂದು ಭಾಗದಲ್ಲಿ ಹೊಸದೇನೂ ಇರುವುದಿಲ್ಲ. ಸಾವಯವ ಪದರದಲ್ಲಿ ಟ್ರ್ಯಾಪುಗಳ (ಚಾರ್ಜು ಸಿಕ್ಕಿಬೀಳುವ ಶಕ್ತಿಯ ತಗ್ಗುಗಳ) ವರ್ತನೆಯೆಲ್ಲ ಶೇಕಡಾ 10ರ ಕೆಳಗೇ ಅಡಗಿರುತ್ತದೆ. ‘ನಮ್ಮ ಡಿಟೆಕ್ಟರ್ ಇಷ್ಟು ವೇಗದ್ದು’ ಎಂದು ಒಂದೇ ಸಂಖ್ಯೆ ಕೊಡುವ ಪ್ರಬಂಧಗಳನ್ನು ಓದುವಾಗ ನಾನು ಮೊದಲು ಹುಡುಕುವುದು, ಶೇಕಡಾ 10ರ ಕೆಳಗೆ ಏನಾಯಿತು ಎಂಬುದನ್ನು ತೋರಿಸಿದ್ದಾರೆಯೇ ಎಂದು. ಎರಡೂ ಅಕ್ಷಗಳನ್ನು ಲಾಗರಿದಮ್‌ನಲ್ಲಿ ಹಾಕಿ ಗ್ರಾಫ್ ಬಿಡಿಸು. ನೇರ ಗೆರೆಯಂತೆ ಇಳಿದರೆ ಟ್ರ್ಯಾಪುಗಳ ಆಳ ಒಂದೇ ಅಲ್ಲ, ಹರಡಿಕೊಂಡಿದೆ ಎಂದರ್ಥ.

ಟ್ರ್ಯಾಪಿನಲ್ಲಿ ಬಿದ್ದ ಚಾರ್ಜು ಎಷ್ಟು ಹೊತ್ತಿನ ಮೇಲೆ ಬಿಡುಗಡೆಯಾಗುತ್ತದೆ ಎಂಬುದು ಆಳದ ಘಾತೀಯ ಫಲನ. ಸೆಕೆಂಡಿಗೆ 10¹² ಬಾರಿ ಹಾರಲು ಯತ್ನಿಸುತ್ತದೆ ಎಂದುಕೊಂಡರೆ 0.3 ಎಲೆಕ್ಟ್ರಾನ್‌ವೋಲ್ಟ್ ಆಳದಿಂದ ಹೊರಬರಲು 0.1 ಮೈಕ್ರೊಸೆಕೆಂಡ್, 0.4ರಿಂದ 5 ಮೈಕ್ರೊಸೆಕೆಂಡ್, 0.5ರಿಂದ ಸುಮಾರು 240 ಮೈಕ್ರೊಸೆಕೆಂಡ್. ಆಳ ಸ್ವಲ್ಪ ಹೆಚ್ಚಾದರೆ ಸಾಕು, ಕಾಯುವ ಹೊತ್ತು ಹತ್ತಾರು ಪಟ್ಟು ಬೆಳೆಯುತ್ತದೆ.

ಮೂರು ಪರೀಕ್ಷೆಗಳನ್ನು ಮಾಡು. ಬೆಳಕನ್ನು ನೂರು ಪಟ್ಟು ತಗ್ಗಿಸಿ ನೋಡು. ಮಿನುಗುವ ಬೆಳಕಿನ ಜೊತೆಗೆ ಸ್ಥಿರವಾಗಿ ಉರಿಯುವ ಇನ್ನೊಂದು ದೀಪ ಹಚ್ಚಿ ನೋಡು. ಸಾಧನವನ್ನು 50 ಡಿಗ್ರಿಗೆ ಬಿಸಿ ಮಾಡಿ ನೋಡು. ರೆಸಿಸ್ಟರ್ ಮತ್ತು ಕೆಪಾಸಿಟರುಗಳಿಂದ ಬರುವ ವಿಳಂಬ ಈ ಮೂರಕ್ಕೂ ಜಗ್ಗುವುದಿಲ್ಲ. ಟ್ರ್ಯಾಪಿನದ್ದಾದರೆ ಮೂರಕ್ಕೂ ಬದಲಾಗುತ್ತದೆ.

ಕಾರಣ ಬೇಕೆಂದರೆ ನಮ್ಮ ಅಡಿಕೆ ತೋಟಕ್ಕೆ ನೀರು ಬಿಡುವುದನ್ನು ನೆನೆಸಿಕೊ. ಬೇಸಿಗೆಯಲ್ಲಿ ಒಣಗಿ ಗುಂಡಿಬಿದ್ದ ಕಾಲುವೆಗೆ ಸಣ್ಣಗೆ ನೀರು ಬಿಟ್ಟರೆ ಮೊದಲು ಗುಂಡಿಗಳೇ ಕುಡಿಯುತ್ತವೆ, ತುದಿಯ ಮರಕ್ಕೆ ನೀರು ಮುಟ್ಟುವುದು ಎಷ್ಟೋ ಹೊತ್ತಿಗೆ. ಹಿಂದಿನ ದಿನ ನೀರು ಹರಿದು ಗುಂಡಿಗಳು ತುಂಬಿದ್ದರೆ ಇಂದು ಬಿಟ್ಟ ನೀರು ನೇರವಾಗಿ ತುದಿಗೆ ಹೋಗುತ್ತದೆ. ಸ್ಥಿರವಾದ ದೀಪ ಮಾಡುವುದು ಈ ಗುಂಡಿ ತುಂಬಿಸುವ ಕೆಲಸವನ್ನೇ.

ನಾಡಿ ಸಂವೇದಕಿ ಬರೆದದ್ದು:

ನಾನು ಬೆರಳಿನ ನಾಡಿ ಮತ್ತು ರಕ್ತದ ಆಮ್ಲಜನಕ ಅಳೆಯುವ ಉಪಕರಣಗಳ ಕೆಲಸದಲ್ಲಿರುವವಳು. ಸಿಗ್ನಲ್ಲಿನ ಈ ತೆವಳುವ ಬಾಲದ ವಿಷಯ ಓದಿ ಬರೆಯದೆ ಇರಲಾಗಲಿಲ್ಲ.

ನಾಡಿ ಸೆಕೆಂಡಿಗೆ ಒಂದೆರಡು ಬಾರಿ ಬಡಿಯುತ್ತದೆ, ಅದಕ್ಕೆ ಮೈಕ್ರೊಸೆಕೆಂಡುಗಳ ವೇಗ ಏಕೆ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಆದರೆ ಬ್ಯಾಟರಿ ಉಳಿಸಲು ನಾವು ಎಲ್‌ಇಡಿಯನ್ನು ಸದಾ ಉರಿಸುವುದಿಲ್ಲ. ಪ್ರತಿ ಅಳತೆಗೂ ಕೆಲವು ಹತ್ತು ಅಥವಾ ನೂರು ಮೈಕ್ರೊಸೆಕೆಂಡ್ ಮಾತ್ರ ಹೊತ್ತಿಸಿ ಆರಿಸುತ್ತೇವೆ. ಅಷ್ಟರೊಳಗೆ ಡಿಟೆಕ್ಟರ್ ಏರಿ ನೆಲೆ ನಿಲ್ಲಬೇಕು. ಆಮ್ಲಜನಕದ ಅಳತೆಯಲ್ಲಿ ಕೆಂಪು ಮತ್ತು ಅವಗೆಂಪು ಎಲ್‌ಇಡಿಗಳು ಸರದಿಯಂತೆ ಹೊತ್ತುತ್ತವೆ, ಎರಡೂ ಸಿಗ್ನಲುಗಳ ಅನುಪಾತದಿಂದ ಆಮ್ಲಜನಕದ ಪ್ರಮಾಣವನ್ನು ತೀರ್ಮಾನಿಸುತ್ತೇವೆ. ಕೆಂಪು ಆರಿದ 100 ಮೈಕ್ರೊಸೆಕೆಂಡಿನ ಮೇಲೆ ಅವಗೆಂಪನ್ನು ಅಳೆಯುವಾಗ ಕೆಂಪಿನ ಶೇಕಡಾ 3 ಇನ್ನೂ ತೆವಳುತ್ತಿದ್ದರೆ, ಅದು ಅವಗೆಂಪಿನ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. ಅನುಪಾತ ಕೆಡುತ್ತದೆ. ರೋಗಿಯ ಬೆರಳು ದಪ್ಪವಾಗಿದ್ದು ಬೆಳಕು ಕಡಿಮೆ ದಾಟಿದರೆ, ಅಧ್ಯಾಪಕರು ಹೇಳುವಂತೆ ಬಾಲದ ಪಾಲು ಇನ್ನೂ ಹೆಚ್ಚುತ್ತದೆ. ಅಂದರೆ ತಪ್ಪು ಒಬ್ಬೊಬ್ಬ ರೋಗಿಗೆ ಒಂದೊಂದು ರೀತಿ ಬರುತ್ತದೆ, ಒಂದೇ ಸಲ ಸರಿಹೊಂದಿಸಿ ಬಿಡಲು ಆಗುವುದಿಲ್ಲ. ನಮಗೆ ಬ್ಯಾಂಡ್‌ವಿಡ್ತ್ ಹತ್ತು ಪಟ್ಟು ಹೆಚ್ಚುವುದಕ್ಕಿಂತ ಬಾಲ ಹತ್ತನೇ ಒಂದಕ್ಕೆ ಇಳಿಯುವುದು ದೊಡ್ಡ ಉಪಕಾರ.

ನಾವು ಸದ್ಯ ಮಾಡುವುದು ಪ್ರತಿ ಬೆಳಕಿನ ಮುಂಚೆ ಒಮ್ಮೆ ಕತ್ತಲೆಯ ಅಳತೆ ತೆಗೆದುಕೊಂಡು ಕಳೆಯುವುದು. ಬಾಲವು ಆ ಕತ್ತಲೆಯ ಅಳತೆಯಿಂದ ಮುಂದಿನ ಅಳತೆಗೆ ಬರುವಷ್ಟರಲ್ಲಿ ಬದಲಾಗಿರುವುದರಿಂದ ಅದರಿಂದ ಪೂರ್ತಿ ಪರಿಹಾರ ಸಿಗುವುದಿಲ್ಲ. ಎಕ್ಸ್-ರೇ ಫಲಕಗಳಲ್ಲಿ ಸಾವಯವ ಡಿಟೆಕ್ಟರ್ ಬಳಸಹೊರಟವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಚಲಿಸುವ ಚಿತ್ರ ತೆಗೆಯುವಾಗ ಹಿಂದಿನ ಚೌಕಟ್ಟಿನ ನೆರಳು ಮುಂದಿನದರ ಮೇಲೆ ಉಳಿಯಬಾರದು.

ಸಿಲಿಕಾನ್ ಕಡೆಯವ ಬರೆದದ್ದು:

ಮೇಡಂ ಅವರು ಬರೆದದ್ದನ್ನು ಎರಡು ಸಲ ಓದಿದೆ. ಒಂದು ಸಂದೇಹ. ಹೊಸ ವಸ್ತುಗಳಲ್ಲಿ ಈ ಟ್ರ್ಯಾಪುಗಳು ಕಡಿಮೆಯಾಗಿವೆಯೇ? ಪಿ3ಎಚ್‌ಟಿ ಬಹಳ ಹಳೆಯದಲ್ಲವೇ?

ಹಳೆಯ ಅಧ್ಯಾಪಕ ಬರೆದದ್ದು:

ಪಿ3ಎಚ್‌ಟಿ ಹಳೆಯದು, ಆದರೆ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ. 2015ರಲ್ಲಿ ಬಂದ ಐಟಿಐಸಿ, 2019ರಲ್ಲಿ ಬಂದ ವೈ6 ಮುಂತಾದ ಫುಲ್ಲರೀನೇತರ ಗ್ರಾಹಕ ಅಣುಗಳು ಕ್ಷೇತ್ರದ ಚಿತ್ರವನ್ನೇ ಬದಲಿಸಿವೆ. ವೈ6 ಇರುವ ಮಿಶ್ರಣಗಳು ಸಮೀಪದ ಅವಗೆಂಪಿನವರೆಗೆ ಬೆಳಕನ್ನು ಹೀರುತ್ತವೆ, ಇದರಿಂದ ನಾಡಿ ಅಳೆಯುವವರಿಗೆ ನೇರವಾದ ಪ್ರಯೋಜನವಿದೆ. ಎಲೆಕ್ಟ್ರಾನ್ ಮತ್ತು ಹೋಲುಗಳ ಮೊಬಿಲಿಟಿಗಳು ಸಮೀಪವಿರುವುದೂ ಒಳ್ಳೆಯದು, ಏಕೆಂದರೆ ಎರಡರಲ್ಲಿ ನಿಧಾನವಾದದ್ದೇ ಸಾಧನದ ವೇಗವನ್ನು ನಿರ್ಧರಿಸುತ್ತದೆ. ಬೆಳಕು ಪ್ರಬಲವಾದಾಗ ಹಿಂದೆ ಉಳಿದ ಚಾರ್ಜುಗಳು ಗುಂಪುಗೂಡಿ ಒಳಗಿನ ವಿದ್ಯುತ್ ಕ್ಷೇತ್ರವನ್ನೇ ಕುಗ್ಗಿಸುತ್ತವೆ.

ಆದರೂ ವಸ್ತು ಬದಲಿಸಿದ ಮಾತ್ರಕ್ಕೆ ಟ್ರ್ಯಾಪು ಹೋಗುವುದಿಲ್ಲ. ಗಾಳಿಯ ಆಮ್ಲಜನಕ, ತೇವ, ಸಂಶ್ಲೇಷಣೆಯಲ್ಲಿ ಉಳಿದ ಕಲ್ಮಶ, ಎಲೆಕ್ಟ್ರೋಡ್ ಕೂಡುವ ಮೇಲ್ಮೈ ಇವೆಲ್ಲ ಟ್ರ್ಯಾಪುಗಳ ತವರು. ಕೆಲವರು ಟ್ರ್ಯಾಪುಗಳನ್ನು ಬೇಕೆಂದೇ ಬಳಸಿಕೊಳ್ಳುತ್ತಾರೆ. ಒಂದು ಜಾತಿಯ ಚಾರ್ಜನ್ನು ಸಿಕ್ಕಿಹಾಕಿಸಿ ಇನ್ನೊಂದು ಜಾತಿಯನ್ನು ಹೊರಗಿನಿಂದ ಮತ್ತೆ ಮತ್ತೆ ಹರಿಸಿದರೆ, ಒಂದು ಫೋಟಾನಿಗೆ ಹಲವು ಎಲೆಕ್ಟ್ರಾನುಗಳು ಸಿಗುತ್ತವೆ. ಆ ಲಾಭದ ಪ್ರಮಾಣ ಟ್ರ್ಯಾಪಿನಲ್ಲಿ ಕಳೆದ ಹೊತ್ತಿಗೂ ಸಾಗಣೆಯ ಹೊತ್ತಿಗೂ ಇರುವ ಅನುಪಾತ. ಆದ್ದರಿಂದ ಲಾಭ ಹೆಚ್ಚಿದಷ್ಟೂ ವೇಗ ಕುಗ್ಗುತ್ತದೆ. ಮಂದ ಬೆಳಕನ್ನು ನಿಧಾನವಾಗಿ ನೋಡಿದರೂ ನಡೆಯುತ್ತದೆ ಎನ್ನುವವರಿಗೆ ಅದು ಸರಿಹೊಂದುತ್ತದೆ, ನಾಡಿ ಸಂವೇದಕಿ ಅವರಿಗೆ ಅಲ್ಲ.

ಬೆಂಗಳೂರಿನವರಾದರೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕೆ.ಎಸ್. ನಾರಾಯಣ್ ಅವರ ಬಳಗ ಪಾಲಿಮರುಗಳು ಬೆಳಕಿಗೆ ಸ್ಪಂದಿಸುವ ಬಗೆಯನ್ನು ಬಹುಕಾಲದಿಂದ ಅಧ್ಯಯನ ಮಾಡಿದೆ. ಬೆಳಕಿಗೆ ಸ್ಪಂದಿಸುವ ಪಾಲಿಮರ್ ಟ್ರಾನ್ಸಿಸ್ಟರಿನ ಕುರಿತ ಅವರ 2001ರ ಪ್ರಬಂಧವನ್ನು ಓದು. ಸಾಧನ ಬೇರೆಯಾದರೂ ಬೆಳಕು ಆರಿದ ಮೇಲೆ ಚಾರ್ಜು ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆ ನಿನ್ನದೇ.

ತೆಳುಪದರ ಬರೆದದ್ದು:

ಗುರುಗಳೇ, ಮೂರೂ ಪರೀಕ್ಷೆ ಮಾಡಿದೆ.

ಬೆಳಕನ್ನು ನೂರು ಪಟ್ಟು ತಗ್ಗಿಸಿದಾಗ 10 ಮೈಕ್ರೊಸೆಕೆಂಡಿನಲ್ಲಿ ಶೇಕಡಾ 18, 100 ಮೈಕ್ರೊಸೆಕೆಂಡಿನಲ್ಲಿ ಶೇಕಡಾ 9 ಉಳಿದಿತ್ತು. ಶೇಕಡಾ 90ರಿಂದ 10ರ ಇಳಿಕೆಯ ಅವಧಿಯನ್ನು ಲೆಕ್ಕ ಹಾಕಿ ನನಗೇ ಆಶ್ಚರ್ಯವಾಯಿತು. ಪ್ರಖರ ಬೆಳಕಿನಲ್ಲಿ 5 ಮೈಕ್ರೊಸೆಕೆಂಡ್ ಇದ್ದದ್ದು ಮಂದ ಬೆಳಕಿನಲ್ಲಿ 80 ಆಗಿತ್ತು. ಸಾಧನ ಅದೇ, ವೋಲ್ಟೇಜ್ ಅದೇ, ಆಂಪ್ಲಿಫೈಯರ್ ಅದೇ. ಯಾವ ಬೆಳಕಿನಲ್ಲಿ ಅಳೆದದ್ದು ಎಂದು ಹೇಳದೆ ವೇಗವನ್ನು ಬರೆಯಬಾರದು ಎಂಬುದು ಈಗ ಮನದಟ್ಟಾಯಿತು.

ಪ್ರಖರ ಬೆಳಕಿಗೇ ಮರಳಿ, ಪಕ್ಕದಲ್ಲಿ ಬ್ಯಾಟರಿಯಿಂದ ಉರಿಯುವ ಇನ್ನೊಂದು ಹಸಿರು ಎಲ್‌ಇಡಿ ಹಚ್ಚಿಟ್ಟಾಗ, 10 ಮೈಕ್ರೊಸೆಕೆಂಡಿನ ಶೇಕಡಾ 7 ಇದ್ದದ್ದು 3ಕ್ಕೆ ಇಳಿಯಿತು. ಎಲ್‌ಇಡಿಯನ್ನು ಕೈಯಿಂದ ಮುಚ್ಚಿದರೆ ಬಾಲ ಮತ್ತೆ ಮೇಲೇಳುತ್ತದೆ, ಕೈ ತೆಗೆದರೆ ಕುಗ್ಗುತ್ತದೆ. ಪರದೆಯ ಮೇಲೆ ಇದನ್ನು ನೋಡುತ್ತಾ ಬಹಳ ಹೊತ್ತು ಕುಳಿತಿದ್ದೆ.

ಸಾಧನವನ್ನು 50 ಡಿಗ್ರಿಗೆ ಬಿಸಿ ಮಾಡಿದಾಗ ಶೇಕಡಾ 3ರ ಮಟ್ಟ 100 ಮೈಕ್ರೊಸೆಕೆಂಡಿನ ಬದಲು 30ಕ್ಕೇ ಬಂತು. ಈ ಬದಲಾವಣೆಯಿಂದ ಲೆಕ್ಕ ಹಾಕಿದರೆ ಟ್ರ್ಯಾಪಿನ ಆಳ 0.40 ಎಲೆಕ್ಟ್ರಾನ್‌ವೋಲ್ಟ್. ಆದರೆ ನೀವು ಹೇಳಿದ 10¹² ಸಂಖ್ಯೆಯನ್ನು ಬಳಸಿ 100 ಮೈಕ್ರೊಸೆಕೆಂಡಿಗೆ ಆಳ ಕಂಡುಹಿಡಿದರೆ 0.48 ಬರುತ್ತದೆ. ಎರಡರಲ್ಲಿ ಯಾವುದು ಸರಿ?

ಹಳೆಯ ಅಧ್ಯಾಪಕ ಬರೆದದ್ದು:

ಬಿಸಿ ಮಾಡಿ ಪಡೆದದ್ದನ್ನು ಹೆಚ್ಚು ನಂಬು. ಅದು ನೀನು ಅಳೆದದ್ದು. 10¹² ನಾನು ಊಹಿಸಿ ಕೊಟ್ಟದ್ದು. 0.40 ಸರಿಯಾದರೆ ಯತ್ನದ ಆವರ್ತನ ಸುಮಾರು 5 × 10¹⁰ ಇರಬೇಕು. ಅದು ಕಡಿಮೆ ಕಾಣಲು ಒಂದು ಕಾರಣವಿದೆ. ಗುಂಡಿಯಿಂದ ಹೊರಬಂದ ಚಾರ್ಜು ಎಲೆಕ್ಟ್ರೋಡನ್ನು ಮುಟ್ಟುವ ಮೊದಲು ಇನ್ನೊಂದು ಗುಂಡಿಗೆ ಬೀಳುತ್ತದೆ, ಅಲ್ಲಿಂದ ಎದ್ದು ಮತ್ತೊಂದಕ್ಕೆ. ಹೊರಗೆ ಕಾಣುವ ವಿಳಂಬ ಇವೆಲ್ಲದರ ಮೊತ್ತ. ಹಾಗೆ ಆಗುತ್ತಿದೆಯೇ ಎಂದು ತಿಳಿಯಲು ಬಯಾಸನ್ನು 1ರಿಂದ 3 ವೋಲ್ಟಿಗೆ ಏರಿಸಿ ನೋಡು. ಕ್ಷೇತ್ರ ಬಲವಾದರೆ ಮತ್ತೆ ಮತ್ತೆ ಬೀಳುವ ಸಂಖ್ಯೆ ಇಳಿದು ಬಾಲ ಮೊಟಕಾಗಬೇಕು. ಡಾರ್ಕ್ ಕರೆಂಟ್ ಎಷ್ಟು ಏರಿತು ಎಂಬುದನ್ನೂ ಅದರ ಪಕ್ಕದಲ್ಲೇ ಬರೆದಿಡು.

ಸರ್ಕ್ಯೂಟ್ ಬೆಂಚು ಬರೆದದ್ದು:

ಬಯಾಸ್ ಏರಿಸುವಾಗ ಆಂಪ್ಲಿಫೈಯರಿನ ಮುಂದೆ 1 ಕಿಲೊಓಮ್ ರೆಸಿಸ್ಟರ್ ಒಂದನ್ನು ಸರಣಿಯಲ್ಲಿ ಇಟ್ಟುಕೊಳ್ಳಿ. ಪದರ ಶಾರ್ಟ್ ಆದರೆ ಆಂಪ್ಲಿಫೈಯರಿನ ಚಿಪ್ (ಆಪ್-ಆಂಪ್) ಉಳಿಯುತ್ತದೆ. ಅದರಿಂದ ಸೇರುವ ವಿಳಂಬ 1.4 ಮೈಕ್ರೊಸೆಕೆಂಡಿನಷ್ಟು, ಬಾಲದ ಅಳತೆಗೆ ಅಡ್ಡಿಯಿಲ್ಲ.

ತೆಳುಪದರ ಬರೆದದ್ದು:

ಹಾಗೆಯೇ ಮಾಡುತ್ತೇನೆ ಸರ್. ಈ ಸಾಧನವನ್ನು ಗಾಳಿಯಲ್ಲೇ ಇಟ್ಟಿದ್ದೆ. ಒಂದೇ ದಿನ ಮಾಡಿದ ಇನ್ನೊಂದನ್ನು ಎಪಾಕ್ಸಿ ಮತ್ತು ಗಾಜಿನ ಮುಚ್ಚಳದಿಂದ ಮುಚ್ಚಿಟ್ಟಿದ್ದೇನೆ. ಸೋಮವಾರ ಎರಡರ ಬಾಲವನ್ನೂ ಒಂದೇ ಗ್ರಾಫಿನಲ್ಲಿ, 1 ವೋಲ್ಟ್ ಮತ್ತು 3 ವೋಲ್ಟುಗಳಲ್ಲಿ, ಪ್ರಖರ ಮತ್ತು ಮಂದ ಬೆಳಕಿನಲ್ಲಿ ಅಳೆದು ಇಲ್ಲಿಯೇ ಹಾಕುತ್ತೇನೆ.